ಮುನ್ನೂರ ಹನ್ನೆರಡು ಚುಕ್ಕೆ

ಡಾಕ್ಟರ್ ಓಫೊಸುವಾ ಹೇಳಿದ್ದು ಒಂದೇ ವಾಕ್ಯ,
ನಡುವೆ ಉಸಿರಿಗೂ ಜಾಗ ಬಿಡದೆ:
'ಒಡ್ಡಿಕೆಯ ಅವಧಿಗೂ ಶ್ವಾಸಸಾಮರ್ಥ್ಯದ ಇಳಿಕೆಗೂ
ಗಣನೀಯ ಸಹಸಂಬಂಧ ಕಂಡುಬಂದಿದೆ.'
ಇದನ್ನು ನಾನು ಎವೆ ಭಾಷೆಗೆ ದಾಟಿಸಬೇಕು,
ದಿನಕ್ಕೆ ಎಂಬತ್ತು ಸೆಡಿ, ಮಧ್ಯಾಹ್ನದ ಊಟ.

ಕೆಟಾದ ಮರಳ ಮೇಲೆ ಸಂಜೆ.
ಮೀನಿಗೆ ಹೊಗೆ ಹಾಕುವ ಗೂಡುಗಳ ನಡುವೆ
ಯಾರದೋ ಮಂಚದ ಬಿಳಿ ಹೊದಿಕೆಯೇ ಪರದೆ.
ಅದರ ತುಂಬ ಚುಕ್ಕೆ, ಮುನ್ನೂರ ಹನ್ನೆರಡು,
ಎಡದಿಂದ ಬಲಕ್ಕೆ ಇಳಿಯುವ ಒಂದು ಗೆರೆ.
ಗಾಳಿ ಬೀಸಿದಾಗ ಗೆರೆಯೂ ಬಾಗುತ್ತದೆ.

'ಒಲೆಯ ಮುಂದೆ ಹೆಚ್ಚು ವರ್ಷ ಕೂತವಳಿಗೆ
ಊದುವ ಬಲ ಕಮ್ಮಿ' ಎಂದೆ.
ಹೆಂಗಸರು ನಕ್ಕುಬಿಟ್ಟರು.
'ಇಷ್ಟು ತಿಳಿಯಲು ಎರಡು ವರ್ಷವೆ?'
ದೆಲಾಲಿ ಬೂತಾಯಿ ಮಗುಚುತ್ತ ಕೇಳಿದಳು.
ಓಫೊಸುವಾ ನನ್ನ ಮುಖ ನೋಡಿದಳು.
ಖುಷಿಯಾಗಿದ್ದಾರೆ, ಎಂದೆ.

ಉಳಿದದ್ದು ಆ 'ಗಣನೀಯ'.
ಗಂಟಲಲ್ಲಿ ಮುಳ್ಳಿನ ಹಾಗೆ.
ಕೊನೆಗೆ ಹೇಳಿದೆ: ಒಂದು ಬುಟ್ಟಿಯ ತಳದಲ್ಲಿ
ಮೀನು ಕೊಳೆತರೆ ಹಣೆಬರಹ ಅನ್ನಿ.
ನೂರು ಬುಟ್ಟಿಯಲ್ಲೂ ತಳದ್ದೇ ಕೊಳೆತರೆ
ಹಣೆಯನ್ನಲ್ಲ, ಬುಟ್ಟಿಯನ್ನು ನೋಡಬೇಕು.
ಈ ಸಲ ಯಾರೂ ನಗಲಿಲ್ಲ.

ಅಬ್ಲವಿ ಎದ್ದಳು. ಮೊಣಕಾಲು ಹಿಡಿದು, ನಿಧಾನ.
'ಇದರಲ್ಲಿ ನಾನು ಯಾವುದು?'
ಹೆಸರು ಅಳಿಸಿದ್ದಾರಂತೆ, ನಿಮ್ಮ ಕ್ಷೇಮಕ್ಕೇ.
'ಆ ಕೊಳವೆಗೆ ಮೂರು ಸಲ ಊದಿದ್ದೇನೆ.
ಉಸಿರು ನನ್ನದು. ಚುಕ್ಕೆ ಯಾರದು?'
ಇದನ್ನು ದಾಟಿಸುವಷ್ಟರಲ್ಲಿ
ಅವಳು ಪರದೆ ಮುಟ್ಟಿಯಾಗಿತ್ತು,
ಬಲತುದಿ, ಎಲ್ಲಕ್ಕಿಂತ ಕೆಳಗೆ,
ಒಂಟಿಯಾಗಿ ನಿಂತ ಒಂದರ ಮೇಲೆ.
'ಐವತ್ತೊಂದು ವರ್ಷ. ಇಲ್ಲಿ ಇನ್ಯಾರಿರುತ್ತಾರೆ?'
ಬೆಳಕು ಅವಳ ಕೈಮೇಲೆ ಬಿತ್ತು.
ಚುಕ್ಕೆ ಹೊದಿಕೆ ಬಿಟ್ಟು
ಅವಳ ಮಸಿ ಹಿಡಿದ ಉಗುರಿಗೆ ಬಂದು ಕೂತಿತು.

ಓಫೊಸುವಾ ಕೊನೆಯ ಹಾಳೆ ತೋರಿಸಿದಳು.
'ಹೆಚ್ಚಿನ ಸಂಶೋಧನೆ ಅಗತ್ಯ.'
ಹಾಗಂದರೆ?
ಮತ್ತೆ ಬರುತ್ತಾರೆ, ಎಂದೆ.
'ಬರಲಿ. ಬರುವಾಗ ತಗಡು ತರಲಿ,
ಹೊಗೆ ಮೇಲೆ ಹೋಗಲು ಒಂದು ಕೊಳವೆ ಆಗುವಷ್ಟು.
ಊದಿ ತೋರಿಸಲು ನನ್ನಲ್ಲಿ ಇನ್ನು ಬಹಳ ಇಲ್ಲ.'
ಅಷ್ಟಂದು ಗೂಡಿನ ಕಡೆ ನಡೆದಳು, ಮೀನು ಕರಿಯಾದೀತೆಂದು.

ಆ ಮಾತನ್ನು ಮಾತ್ರ ಒಂದಕ್ಷರ ಬಿಡದೆ ದಾಟಿಸಿದೆ.
ಓಫೊಸುವಾ ಯಂತ್ರ ಆರಿಸಿದಳು.
ಕತ್ತಲಲ್ಲಿ, ಬಹಳ ಹೊತ್ತಿನ ಮೇಲೆ, ಕೇಳಿದಳು:
'ಎಷ್ಟು ಮೊಳ ಬೇಕಂತೆ?'