ಮರಳು ತಿರುವು

ಐದೂಕಾಲಿಗೆ ಕುಂದವಾಡ ಕೆರೆ ಏರಿಯ ಮೇಲೆ
ಬುಡೇನ್ ಸಾಬರು ಚಪ್ಪಲಿ ಬಿಟ್ಟು ನಿಲ್ಲುತ್ತಾರೆ.
ವಾಕಿಂಗಿನವರು ಬಳಸಿಕೊಂಡು ಹೋಗುತ್ತಾರೆ,
ದಾರಿಗೆ ಕಂಬ ಬಂದ ಹಾಗೆ.
ಅತ್ತ ನಗೆಕೂಟದವರು ಹೊಟ್ಟೆ ಹಿಡಿದು ಅಭ್ಯಾಸ ಮಾಡುತ್ತಾರೆ.
ಇತ್ತ ನಾವಿಬ್ಬರು
ಇಲ್ಲದ ಕೊಡವೊಂದನ್ನು ತಬ್ಬಿ ನಿಂತಿರುತ್ತೇವೆ.

ನಾನು ಗರಡಿಯವನು. ಈ ಮುರುಟಿದ ಕಿವಿ ಸಾಕ್ಷಿ.
ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆ ಬೆರೆಸಿ
ಮಟ್ಟಿ ಹದ ಮಾಡಿದ ಕೈ ಇದು.
ಐನೂರು ಬೈಠಕ್ ಹೊಡೆದರೂ ಏದುಸಿರಿಲ್ಲದ ಕಾಲ.
ಹರಪನಹಳ್ಳಿ ಕುಸ್ತಿಯಲ್ಲಿ ಮೊಣಕಾಲು ಟಕ್ ಅಂದಿತು, ಅಷ್ಟೆ.
ಆಮೇಲೆ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ.
ಹಾಲೇಶ ಪೈಲ್ವಾನ್ ಹೋಗಿ,
ಏ ಹಾಲೇಶಿ, ಚೀಲ ಎತ್ತೋ.

ಸಾಬರದು ಮಂಡಕ್ಕಿ ಭಟ್ಟಿ.
ನಲವತ್ತು ವರ್ಷ ಕಾದ ಮರಳಲ್ಲಿ ಅಕ್ಕಿ ತಿರುವಿದ ತೋಳು,
ಒಣಗಿದ ಹುಣಸೆ ಬರಲಿನಂಥದು.
ಅದಕ್ಕೂ ಮೊದಲು, ಹತ್ತೊಂಬತ್ತರ ಹರೆಯದಲ್ಲಿ,
ಮುಂಬಯಿಯಲ್ಲಿ ಹಡಗು ಹತ್ತಿ ಈರುಳ್ಳಿ ಹೆಚ್ಚುತ್ತಿದ್ದರಂತೆ.
ಎಂಜಿನ್ನಿಗೆ ಎಣ್ಣೆ ಬಿಡುವ ಚೀನಾದವನೊಬ್ಬ
ರಾತ್ರಿ ಪಾಳಿ ಮುಗಿಸಿ ಡೆಕ್ಕಿನ ಮೇಲೆ
ಹೀಗೆ, ನೀರೊಳಗೆ ನಡೆದ ಹಾಗೆ, ಆಡುತ್ತಿದ್ದನಂತೆ.
ಇವರು ಹಿಂದೆ ಹೋಗಿ ನಿಂತರು.
ಭಾಷೆ ಇಲ್ಲ. ನೋಡಿ ಕಲಿತದ್ದು.
ಅವನ ಹೆಸರುಗಳು ಹಡಗಿನಲ್ಲೇ ಉಳಿದವು;
ಊರಿಗೆ ಬಂದ ಮೇಲೆ ಇವರೇ ಇಟ್ಟರು:
ಮರಳು ತಿರುವು. ಜರಡಿ ಎತ್ತು. ಒಲೆಗೆ ಹೊಟ್ಟು ತಳ್ಳು.
ಹಾರಿದ ಮಂಡಕ್ಕಿ ಹಿಡಿ, ಹಿಡಿಯಬೇಡ.

ಮೊದಲ ದಿನ "ನನ್ನ ನೂಕು" ಅಂದರು.
ನಕ್ಕೆ. ನಲವತ್ತೆಂಟು ಕೇಜಿ ಮುದುಕ,
ಆಸ್ಪತ್ರೆ ಖರ್ಚು ನನ್ನ ತಲೆಗೇ ಬಂದೀತು ಅಂತ
ಎರಡು ಬೆರಳಲ್ಲಿ ನೂಕಿದೆ. ಅಲ್ಲಿ ಯಾರೂ ಇರಲಿಲ್ಲ.
ಅಂಗೈಯಲ್ಲಿ ನೂಕಿದೆ.
ಕದ ತೆರೆದ ಮನೆಗೆ ಹೆಗಲು ಕೊಟ್ಟ ಹಾಗೆ
ನಾನೇ ಒಳಗೆ ಹೋದೆ.
ಮೂರನೇ ಸಲ ಗರಡಿಯ ಹೆಸರು ನೆನೆದು, ತೊಡೆ ತಟ್ಟಿ,
ಏರಿಯ ಕೆಳಗೆ ಜೊಂಡಿನಲ್ಲಿ ಎದ್ದೆ.
ನೀರುಕೋಳಿಯೊಂದು ಬೈದು ಹೋಯಿತು.

ಸಿಟ್ಟು ಎಂಟು ದಿನ ಇತ್ತು. ಒಂಬತ್ತನೆಯ ದಿನ ಮತ್ತೆ ಹೋದೆ.
ಸಾಬರು ಏನೂ ಕೇಳಲಿಲ್ಲ. "ಭುಜ ಇಳಸು" ಅಂದರು.
ಇಳಿಸಿದೆ.
"ಇನ್ನೂ ಐತಿ, ಇಳಸು."
ಎರಡು ತಿಂಗಳು ಇದೊಂದೇ ಮಾತು.
ಭುಜ ಅನ್ನುವುದು ಇಷ್ಟೊಂದು ಮೆಟ್ಟಿಲಿನ ಬಾವಿ ಅಂತ
ನನಗೆ ಯಾವ ವಸ್ತಾದರೂ ಹೇಳಿರಲಿಲ್ಲ.

"ಅಕ್ಕಿ ನೋಡು," ಅಂದರೊಮ್ಮೆ ಭಟ್ಟಿಯ ಹೊಗೆಯಲ್ಲಿ,
"ನಿಂತರ ಕರಕಲು. ಓಡಿಸಿದರ ಹಸಿ.
ಮರಳು ಹೋದ ಕಡೆ ಹೋತು ಅಂದರ ಹೂವು."
ತಲೆಯಾಡಿಸಿದೆ. ತಿಳಿಯಲಿಲ್ಲ.

ತಿಳಿದದ್ದು, ಒಂದಿಷ್ಟು, ಮಂಡಿಯಲ್ಲಿ,
ಅಮಾವಾಸ್ಯೆಯ ಮಾರನೆ ದಿನ, ಲಾರಿ ಹಲಗೆಯ ಮೇಲೆ,
ಎರಡನೇ ಚೀಲ ಬೆನ್ನಿಗೆ ಬಿದ್ದಾಗ.
ಹಲ್ಲು ಕಚ್ಚುವ ಮೊದಲೇ ಏನೋ ಸಡಿಲಾಗಿ
ಭಾರ ಸೊಂಟದಿಂದ ಹಿಮ್ಮಡಿಗೆ ಇಳಿದು ಹೋಯಿತು
ಬಚ್ಚಲ ನೀರು ಹೋದ ಹಾಗೆ.
ಮೊಣಕಾಲು ಟಕ್ ಅನ್ನಲಿಲ್ಲ.
ಚೀಲ ನನ್ನ ಮೇಲಿರಲಿಲ್ಲ, ನೆಲದ ಮೇಲಿತ್ತು;
ನಡುವಿನ ದಾರಿ ನಾನು.
ಮೂರನೇ ಚೀಲಕ್ಕೆ
ಯಾರಿಗಾದರೂ ಹೇಳಬೇಕು ಅನ್ನಿಸಿತು.
ನೋವು ತಕ್ಷಣ ವಾಪಸು ಬಂತು.

ಈ ಆಟ ಪೂರ್ತಿ ಇಲ್ಲ.
ಅರವತ್ತೋ ಎಪ್ಪತ್ತೋ ಹೆಜ್ಜೆಯಾದ ಮೇಲೆ
ಬಲಗಾಲು ಎತ್ತಿ, ಎಡಗೈ ಕಿವಿಯ ಪಕ್ಕ ಬಂದಾಗ
ಸಾಬರು ನಿಲ್ಲುತ್ತಾರೆ. ಮುಂದೆ?
"ಅವ ಪಿನಾಂಗಿನಾಗ ಇಳಿದುಬಿಟ್ಟ," ಅನ್ನುತ್ತಾರೆ,
ನಿನ್ನೆ ಸಂಜೆ ಹರಿಹರದಲ್ಲಿ ಬಸ್ಸಿಳಿದವನ ಬಗ್ಗೆ ಹೇಳುವಂತೆ.
ಊಹಿಸಿ ನಾಲ್ಕು ಹೆಜ್ಜೆ ಸೇರಿಸಿ ಅಂದೆ ಒಮ್ಮೆ.
ಕೆರೆ ನೋಡಿದರು. "ಸುಳ್ಳಾಗ್ತೈತಿ."

ಹಾಗಾಗಿ ದಿನಾ ಅಲ್ಲಿಗೇ ಬರುತ್ತೇವೆ,
ಒಬ್ಬ ದಪ್ಪ, ಒಬ್ಬ ಸಣಕಲ, ಒಂಟಿಕಾಲಲ್ಲಿ.
ಹೈವೇ ಲಾರಿಗಳು ಗೇರು ಬದಲಿಸುವುದು ಕೇಳುತ್ತದೆ.
ಬಿಸಿಲು ನೀರು ಮುಟ್ಟುವ ತನಕ ಕಾಲು ಹಾಗೇ ಇರುತ್ತದೆ.
ಆಮೇಲೆ ಇಳಿಸಿ, ಚಪ್ಪಲಿ ಹುಡುಕಿ,
ಗಾಡಿಯ ಕಡೆ ನಡೆಯುತ್ತೇವೆ.
ಚಾ ಅವರದು. ಮಿರ್ಚಿ ನನ್ನದು.