ಎರಡೂವರೆ ಜನ

ಯಸ್ನಾಳ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ
ಗೆರೆ ಎಳೆದಿದ್ದೇನೆ, ನಾಲ್ಕು ಊರಿಗೆ ನಾಲ್ಕು ಕಾಲಂ.
ಕಲಾಮಾ, ಕೊಕಿಂಬೊ, ಒವಾಯೆ, ತೆಮುಕೊ.
ಚಿಲಿ ಹೇಗೂ ಉದ್ದನೆಯ ಚೀಟಿ,
ಮೇಲಿಂದ ಕೆಳಗೆ ಬೆಲೆ ಬರೆಯಲೆಂದೇ ಕತ್ತರಿಸಿದ ಹಾಗೆ.

ಕಂಪನಿಯವರು ಎಲಿಸೆಯೊಗೆ ಹೇಳಿದ್ದಾರಂತೆ,
ಎಲ್ಲಿ ಬೇಕಾದರೂ ಇರಿ, ವಿಮಾನದ ಟಿಕೆಟ್ಟು ನಮ್ಮದು.
ಏಳು ದಿನ ತಾಮ್ರದ ಗುಂಡಿಯಲ್ಲಿ,
ಏಳು ದಿನ ಮನೆಯಲ್ಲಿ.
ಅಂದಮೇಲೆ ಈ ಒಣ ಊರಿನಲ್ಲಿ
ದುಡ್ಡು ಕೊಟ್ಟು ಧೂಳು ತಿನ್ನುವುದೇಕೆ ಅಂದ,
ಬೂಟು ಬಿಚ್ಚುತ್ತಾ.

ಬಾಡಿಗೆ ಇಲ್ಲಿ ಆರು ಲಕ್ಷ ಪೆಸೊ.
ಪಕ್ಕದ ಮನೆಯವನು ಹಲ್ಲುಜ್ಜುವುದು ಗೋಡೆಯಾಚೆ ಕೇಳುತ್ತದೆ,
ಅದಕ್ಕೆ ಬೇರೆ ಚಾರ್ಜಿಲ್ಲ.
ಒವಾಯೆಯಲ್ಲಿ ಮೂರೂಮುಕ್ಕಾಲು, ಅಂಗಳದಲ್ಲಿ ನಿಂಬೆಗಿಡ.
ಉಳಿತಾಯ ಅಂತ ಬರೆದೆ ಗಿಡವನ್ನು,
ಅಲ್ಲಿಯ ನೀರಿನ ದರ ನೋಡಿ ಅಳಿಸಿದೆ.
ಕೊಕಿಂಬೊದಲ್ಲಿ ಮೀನು ಅಗ್ಗ,
ಸಮುದ್ರ ಕಾಣುವ ಕಿಟಕಿ ಅಲ್ಲ.

ಕಲಾಮಾದ ನಲ್ಲಿ ನೀರಿಗೆ ಹಳೇ ಬೀಗದ ರುಚಿ,
ಕುಡಿಯಲು ತಿಂಗಳಿಗೆ ಒಂಬತ್ತು ಕ್ಯಾನು.
ತೆಮುಕೊದಲ್ಲಿ ನೀರು ಬಿಟ್ಟಿ, ಆಕಾಶದಿಂದ, ಬೇಡವೆಂದರೂ.
ಆದರೆ ಸೌದೆ!
ಒಣಗಿದ್ದಕ್ಕೆ ಒಂದು ರೇಟು, ಹಸಿಯದಕ್ಕೆ ಒಂದು.
ಹಸಿಯದು ತಂದರೆ ಹೊಗೆ, ಹೊಗೆಗೆ ಯಸ್ನಾಳ ಎದೆ,
ಎದೆಗೆ ಪಂಪು, ಪಂಪಿಗೆ ಔಷಧದಂಗಡಿ.
ಒಂದು ಸಾಲು ಇನ್ನೊಂದರ ಜೇಬಿಗೆ ಕೈ ಹಾಕುತ್ತದೆ.

ಬ್ರೆಡ್ಡಿನ ಬೆಲೆ ಗೊತ್ತಾಗಲಿಲ್ಲ.
ತೆಮುಕೊದ ಯಾವುದೋ ಬೇಕರಿಗೆ ಫೋನು ಮಾಡಿದೆ,
ಗುರುತಿಲ್ಲ ಪರಿಚಯವಿಲ್ಲ. ಕಿಲೋಗೆ ಎಷ್ಟು?
ಆ ಕಡೆ ಉರ್ಸುಲಾ ಎಂಬುವಳು. ಒಲೆಯ ಬಾಗಿಲು ಬಡಿದ ಸದ್ದು.
"ಎರಡು ಸಾವಿರದ ಇನ್ನೂರು. ಮನೇಲಿ ಎಷ್ಟು ಜನ?"
ಎರಡೂವರೆ, ಅಂದುಬಿಟ್ಟೆ.
"ಅರ್ಧ ಯಾರು, ಮಗುವಾ?"
ಅಲ್ಲ, ಗಂಡ.
ನಕ್ಕಳು. ಒಳಗೆ ಯಾರಿಗೋ ಕೂಗಿ ಹೇಳಿದಳು, ಅವರೂ ನಕ್ಕರು.
ಆಮೇಲೆ ದನಿ ತಗ್ಗಿಸಿ, "ಗಣಿಯಾ?"
ಹೂಂ.
"ನನ್ನ ತಮ್ಮನೂ. ಇಲ್ಲಿಂದಲೇ ಓಡಾಡ್ತಾನೆ.
ವಿಮಾನ, ಸ್ಯಾಂಟಿಯಾಗೊದಲ್ಲಿ ಕಾಯೋದು, ಮತ್ತೆ ವಿಮಾನ, ಬಸ್ಸು.
ಬರೋದಕ್ಕೆ ಒಂದು ದಿನ, ಹೋಗೋದಕ್ಕೆ ಒಂದು.
ನಡುವೆ ಐದು."

ಫೋನಿಟ್ಟು ಸುಮಾರು ಹೊತ್ತು ಪೆನ್ಸಿಲು ಕಚ್ಚಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಏಳು ರಾತ್ರಿ ಹಾಸಿಗೆ ಪೂರ್ತಿ ನನ್ನದೇ,
ಎಷ್ಟು ಚಾಚಿದರೂ ಮಿಕ್ಕುತ್ತದೆ.
ಇನ್ನೆರಡು ರಾತ್ರಿ ಮಿಕ್ಕುವುದಾದರೆ
ಬಾಡಿಗೆ ಎಷ್ಟು ಇಳಿದರೆ ಸರಿಹೋದೀತು?
ಯಾವ ಅಂಗಡಿಗೆ ಫೋನು ಮಾಡಿ ಕೇಳಲಿ ಆ ರೇಟು?

ಇಲ್ಲಿಯೂ ಬಂದ ದಿನ ಮಲಗುತ್ತಾನೆ, ಸುಳ್ಳೇಕೆ.
ಮರುದಿನ ಸೋರುವ ನಲ್ಲಿ ಬಿಚ್ಚಿ ಎಲ್ಲರ ಮೇಲೂ ರೇಗುತ್ತಾನೆ.
ಮೂರನೆಯ ದಿನ ಯಸ್ನಾಳ ಪಕ್ಕ ಕೂತು
ಭಿನ್ನರಾಶಿ ಹೇಳಿಕೊಡುತ್ತಾನೆ, ತಪ್ಪುತಪ್ಪಾಗಿ, ಬಹಳ ಧೈರ್ಯದಿಂದ.
ನಾನು ಎಣಿಸುವುದು ಅಲ್ಲಿಂದ.
ಅಲ್ಲಿಂದ ಎಣಿಸಿದರೆ ಕಲಾಮಾ ಐದು, ತೆಮುಕೊ ಮೂರು.
ಅದನ್ನೂ ಬರೆದೆ, ಸೌದೆಯ ಕೆಳಗೆ.

ಬೆಳಿಗ್ಗೆ ನೋಡಿದರೆ ಮಗಳ ಕೆಂಪು ಪೆನ್ನು ಓಡಿದೆ,
"ಹದಿನಾಲ್ಕರಲ್ಲಿ ಐದು ಅರ್ಧ ಆಗಲ್ಲ ಅಮ್ಮಾ.
ಎರಡೂವರೆ ತಪ್ಪು."

ಗುರುವಾರ ಅವನು ಇಳಿಯುತ್ತಾನೆ,
ಯಾವ ಊರು ಕಡಿಮೆ ಅಂತ ಕೇಳುತ್ತಾನೆ.
ಹಾಳೆ ಹರಿದಿಡೋಣವೆಂದರೆ ಯಸ್ನಾ ಬಿಡುವುದಿಲ್ಲ.
ಸೋಮವಾರ ನೋಟ್‌ಬುಕ್ಕು ಟೀಚರಿಗೆ ಕೊಡಬೇಕಂತೆ,
ಕೊನೆಯ ಹಾಳೆ ಕಿತ್ತರೆ
ಮೊದಲನೆಯದೂ ಕಳಚಿಕೊಳ್ಳುತ್ತದಂತೆ.