ಭಾಂಡುಪಿನಲ್ಲಿ, ಅಕ್ಟೋಬರ್

ರಾಜಹಂಸ ಇನ್ನೂ ಬಂದಿಲ್ಲ, ಅಂದರು ಭೋಯಿರ್
ಪಂಪ್‌ಮನೆಯ ಗೇಟಿನಲ್ಲಿ,
ಅದು ತಮ್ಮದೇ ತಪ್ಪೆಂಬಂತೆ.

ಇಳಿತದ ಹೊತ್ತು. ಖಾಡಿಯ ಕೆಸರು
ಏಡಿಬಿಲಗಳಿಂದ, ಕಾವಲಿಯ ದೋಸೆಯಂತೆ
ಕಣ್ಣುಕಣ್ಣು.
ಆಚೆ ಐರೋಲಿ ಸೇತುವೆಯ ಮೇಲೆ ಲಾರಿಗಳು.
ಕಾಂಡ್ಲಾದೊಳಗೆ ಯಾವುದೋ ಗೊರವ
ಒಮ್ಮೆ ಕೂಗಿ ಸುಮ್ಮನಾಯಿತು.

ಬಂದದ್ದು ಒಂದೇ ಒಂದು ಕುಂಡೆಕುಸ್ಕ.
ಬೂದು ಕೋಟು, ಕೊರಳಿಗೆ ಕಪ್ಪು,
ತುಕ್ಕು ಪೈಪಿನ ಮೇಲೆ ಬಾಲ ಕುಕ್ಕುತ್ತ
ಹಿಮಾಲಯ ದಾಟಿದ್ದನ್ನು
ಆಗಲೇ ಮರೆತಂತಿತ್ತು.

ಈ ಹೆಸರನ್ನು ಮರಾಠಿಗೆ ಹೇಗೆ ದಾಟಿಸುವುದು?
ಐವತ್ತೆರಡರ ನಾನು, ಸೀರೆಯಲ್ಲೇ,
ಸೊಂಟ ಕುಲುಕಿಸಿ ತೋರಿಸಿದೆ.
ಭೋಯಿರ್ ಗೇಟು ಹಿಡಿದುಕೊಂಡು ನಕ್ಕರು.
ನಮ್ಮಲ್ಲಿ ಇವನು ಧೋಬಿ, ಬಾಯಿ,
ನೀರಂಚು ಬಿಟ್ಟು ಹೋಗಲಾರ.

ಆಮೇಲೆ ಡ್ಯೂಟಿ ರಿಜಿಸ್ಟರು ತೆರೆದರು,
ತಾಸಿಗೊಮ್ಮೆ ನೀರಿನ ಮಟ್ಟ ಬರೆಯುವ ಪುಟ.
ಎರಡು ಮೀಟರ್ ಹತ್ತು, ಎಂದು ಬರೆದು
ಪೆನ್ನು ನನ್ನ ಕಡೆ ಚಾಚಿದರು.

ಅಂಚಿನಲ್ಲಿ ಕನ್ನಡದಲ್ಲೇ ಬರೆದೆ:
ಕುಂಡೆಕುಸ್ಕ, ಒಂದು.

ಅಲ್ಲಿ ಅದನ್ನು ಓದಬಲ್ಲವರಿಲ್ಲ.
ಸಂಜೆ ಸಾಹೇಬರು ಬಂದು
ಸರಿಯಾಗಿ ಅದರ ಕೆಳಗೇ ಸಹಿ ಹಾಕುತ್ತಾರೆ.